ಚೀನಾ ಬೈಕಿನ ಹಿಂದೆ ಕೂತ ನಮ್ಮವರು

ಎರಡು ವರ್ಷದ ಹಿಂದಿನ ಮಾತು. ಕಾಫಿಗೆ ನಾವು ಎಂದೂ ಕಾಣದಂಥ ಬೆಲೆ ಬಂದ ವರ್ಷ ಅದು. ನಮ್ಮ ಸೋಮವಾರಪೇಟೆ ಕಡೆ ಆಗ ಕೆಲವರು ಮನೆಗೆ ಟೈಲ್ಸ್ ಹಾಕಿಸಿದರು, ಕೆಲವರು ಹಳೇ ಕಾರು ಕೊಟ್ಟು ಹೊಸದು ತಂದರು. ನಮ್ಮ ಮನೆಯವರು ಮಾತ್ರ ಯಾರಿಗೂ ಹೇಳದೆ, ನನಗೂ ಹೇಳದೆ, ಚೀನಾದಲ್ಲಿ ತಯಾರಾದ ಒಂದು ಬೈಕು ತರಿಸಿಬಿಟ್ಟರು.

ಅದು ಬೈಕಿನ ಹಾಗೆ ಬರಲೂ ಇಲ್ಲ. ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ಪಿಕಪ್ ಗಾಡಿಯೊಂದು ಅಂಗಳಕ್ಕೆ ಬಂದು ರಟ್ಟು ಸುತ್ತಿದ ದೊಡ್ಡ ಕಬ್ಬಿಣದ ಚೌಕಟ್ಟು ಇಳಿಸಿ ಹೋಯಿತು. ನಾನು ಫ್ರಿಜ್ ಅಂದುಕೊಂಡೆ. ನಮ್ಮದು ಕೆಟ್ಟು ಬಹಳ ದಿನ ಆಗಿತ್ತು. ಸಂತೋಷದಿಂದಲೇ ರಟ್ಟು ಹರಿದೆ. ಒಳಗೆ ಚಕ್ರ ಬೇರೆ, ಹ್ಯಾಂಡಲ್ ಬೇರೆ, ಮಡ್‌ಗಾರ್ಡ್ ಬೇರೆ. ಹೆಡ್‌ಲೈಟ್ ಹುಡುಕಿದೆ, ಇರಲಿಲ್ಲ. ಹಾರ್ನ್ ಇರಲಿಲ್ಲ. ಬೀಗದ ಕೈ ಹಾಕುವ ತೂತೂ ಇರಲಿಲ್ಲ. "ಅರ್ಧ ಸಾಮಾನು ಬಂದೇ ಇಲ್ಲ ಕಣ್ರೀ" ಅಂದೆ. ಇದು ಇರುವುದೇ ಹೀಗೆ, ಇದಕ್ಕೆ ನಂಬರ್ ಪ್ಲೇಟೂ ಇಲ್ಲ, ರಸ್ತೆ ಮೇಲೆ ಓಡಿಸುವ ಹಾಗೂ ಇಲ್ಲ, ತೋಟದೊಳಗೆ ಮಾತ್ರ ಎಂದು ಅವರು ಬಹಳ ತಾಳ್ಮೆಯಿಂದ ವಿವರಿಸಿದರು. ರಸ್ತೆಗೆ ಹೋಗದ ಬೈಕನ್ನು ಮನುಷ್ಯರು ಯಾಕೆ ಕೊಳ್ಳುತ್ತಾರೆ ಅನ್ನುವುದು ನನ್ನ ತಲೆಗೆ ಹತ್ತಲಿಲ್ಲ.

ಕಾರಣ ಇತ್ತು ಅನ್ನಿ. ನಮ್ಮ ಮನೆ ಗುಡ್ಡದ ಬುಡದಲ್ಲಿದೆ, ತೋಟದ ಒಂದು ಭಾಗ ಗುಡ್ಡದ ನೆತ್ತಿಯಲ್ಲಿದೆ. ಅಲ್ಲಿಗೆ ಹೋಗುವ ದಾರಿ ಕಡಿದು, ಕಿರಿದು. ಯಾವ ಜೀಪೂ ಹತ್ತುವುದಿಲ್ಲ. ನಮ್ಮವರಿಗೆ ಮಂಡಿ ನೋವು ಶುರುವಾಗಿತ್ತು. ಮೊಬೈಲಿನಲ್ಲಿ ಯಾರೋ ಇಂಥ ಬೈಕನ್ನು ಕಲ್ಲುಬಂಡೆ ಹತ್ತಿಸುವುದು ನೋಡಿ, ಕಡಿಮೆಯಲ್ಲಿ ಸಿಗುತ್ತದೆಂದು ಮೈಸೂರಿನಿಂದ ತರಿಸಿದ್ದರು.

ಪೇಟೆಯಿಂದ ಮೆಕ್ಯಾನಿಕ್ ಸಲೀಂ ಬಂದು ಜೋಡಿಸಿಕೊಟ್ಟ. ಜೋಡಿಸಿ ನಿಲ್ಲಿಸಿದ ಮೇಲೆ ಗೊತ್ತಾಯಿತು, ಬೈಕಿನ ಸೀಟು ನಮ್ಮವರ ಸೊಂಟಕ್ಕಿಂತ ಮೇಲಿದೆ. ಅವರು ಸ್ವಲ್ಪ ಗಿಡ್ಡ. ನಾನು ಉದ್ದ. ಮದುವೆ ಫೋಟೋದಲ್ಲಿ ಫೋಟೋದವನು ನನ್ನನ್ನು ಒಂದು ಮೆಟ್ಟಿಲು ಕೆಳಗೆ ನಿಲ್ಲಿಸಿದ್ದ. ನಮ್ಮವರು ಒಂದು ಕಲ್ಲಿನ ಮೇಲೆ ನಿಂತು ಹತ್ತಿ ಕೂತರು, ಸಲೀಂ ಕಲ್ಲು ಸರಿಸಿದ, ಇವರು ಬೈಕಿನ ಸಮೇತ ನಿಧಾನವಾಗಿ ಕಾಫಿ ಗಿಡದೊಳಗೆ ಒರಗಿದರು. ಇನ್ನೊಂದು ಸಲವೂ ಹಾಗೇ ಆಯಿತು. ಸಲೀಂ ನೆಲ ನೋಡುತ್ತಾ, ಸೀಟಿನ ಸ್ಪಂಜು ಕೊಯ್ದು ಇಳಿಸಬಹುದು ಅಂದ. ಇವರು ಒಳಗೆ ಹೋಗಿ ಕೈಕಾಲು ತೊಳೆದರು. ಸಾಯಂಕಾಲ ಕಾಫಿ ಕುಡಿಯುವಾಗ, ಗೋಡೆ ಕಡೆ ನೋಡಿಕೊಂಡು, "ನೀನೊಂದು ಸಲ ಕೂತು ನೋಡು" ಅಂದರು.

ನನ್ನ ಎರಡೂ ಕಾಲು ನೆಲಕ್ಕೆ ತಾಗಿದವು. ಹೀಗೆ ನಲವತ್ತು ದಾಟಿದ ಮೇಲೆ ಆ ಬೈಕು ನನ್ನ ಪಾಲಿಗೆ ಬಂತು.

ಓಡಿಸುವುದು ಮಾತ್ರ ಸುಲಭವಾಗಿರಲಿಲ್ಲ. ನನಗೆ ಬರುತ್ತಿದ್ದದ್ದು ಸ್ಕೂಟರು. ಹುಡುಗಿಯಾಗಿದ್ದಾಗ ಅಣ್ಣನ ಹಳೇ ಬೈಕನ್ನು ಕದ್ದು ಓಡಿಸಿದ್ದೆ, ಅದರಲ್ಲಿ ಎಲ್ಲಾ ಗೇರೂ ಕೆಳಗೆ ಒತ್ತುವುದು. ಇದರಲ್ಲಿ ಮೊದಲನೆಯದು ಕೆಳಗೆ, ಉಳಿದದ್ದೆಲ್ಲ ಮೇಲೆ, ನಡುವೆ ಎಲ್ಲೋ ನ್ಯೂಟ್ರಲ್. ಎರಡನೇ ಗೇರು ಅಂದುಕೊಂಡು ಒತ್ತಿದರೆ ಮೊದಲನೆಯದಕ್ಕೆ ಬಿದ್ದು ಬೈಕು ಮುಗ್ಗರಿಸುತ್ತಿತ್ತು. ಪೆಟ್ರೋಲಿನ ನಲ್ಲಿ ಯಾವ ಕಡೆ ತಿರುಗಿಸಿದರೆ ತೆರೆಯುತ್ತದೆ, ಚೋಕ್ ಮೇಲೆ ಇರಬೇಕೋ ಕೆಳಗೋ, ಏನೂ ನೆನಪಿರುತ್ತಿರಲಿಲ್ಲ. ನಿಲ್ಲಿಸಲು ಕೀಲಿ ಇಲ್ಲವಲ್ಲ, ಹ್ಯಾಂಡಲಿನ ಹತ್ತಿರ ಒಂದು ಕೆಂಪು ಗುಂಡಿ ಇತ್ತು, ಅದನ್ನು ಒತ್ತಬೇಕಿತ್ತು. ನಾನು ದಿನಾ ಅದನ್ನು ಮರೆತು ಗೇರಿನಲ್ಲೇ ಕ್ಲಚ್ ಬಿಟ್ಟು ಜಗ್ಗಿಸಿ ನಿಲ್ಲಿಸುತ್ತಿದ್ದೆ.

ಇದರ ಮೇಲೆ ಇಂಜಿನ್ ಪಳಗಿಸುವ ರಗಳೆ. ಹೊಸ ಇಂಜಿನ್, ಒಳಗಿನ ಭಾಗಗಳು ಒಂದಕ್ಕೊಂದು ಹೊಂದಿಕೊಳ್ಳಬೇಕು, ಮೊದಲ ಆಯಿಲ್ ಬದಲಾಯಿಸುವ ತನಕ ಆಕ್ಸಿಲರೇಟರ್ ಅರ್ಧಕ್ಕಿಂತ ಹೆಚ್ಚು ತಿರುಗಿಸಲೇಬಾರದು ಎಂದು ಸಲೀಂ ಹೇಳಿದ. ಅಂಗಡಿಯವನಿಗೆ ಫೋನ್ ಮಾಡಿದರೆ, ಒಂದೇ ಸಮ ನಿಧಾನ ಓಡಿಸಿದರೂ ಹಾಳಾಗುತ್ತದೆ, ಸ್ಪೀಡು ಹೆಚ್ಚು ಕಮ್ಮಿ ಮಾಡುತ್ತಿರಿ ಅಂದ. ನನ್ನ ಅಣ್ಣನ ಮಗ, ಅದೆಲ್ಲ ಸುಳ್ಳು ಅತ್ತೆ, ಮೊದಲ ದಿನವೇ ಚೆನ್ನಾಗಿ ಎಳೆದುಬಿಡಿ ಅಂದ. ಮೂರು ಜನ ಮೂರು ದಾರಿ ತೋರಿಸಿದಾಗ ನಮ್ಮವರು ಸಲೀಂ ಮಾತು ಹಿಡಿದರು. ನನ್ನ ಹಳೇ ನೇಲ್ ಪಾಲಿಶ್ ತಂದು ಆಕ್ಸಿಲರೇಟರಿನ ರಬ್ಬರಿನ ಮೇಲೊಂದು, ಪಕ್ಕದ ಪ್ಲಾಸ್ಟಿಕ್ಕಿನ ಮೇಲೊಂದು ಗೆರೆ ಎಳೆದರು. ಎರಡೂ ಗೆರೆ ಎದುರುಬದುರು ಬಂದರೆ ಅರ್ಧ. ಅಲ್ಲಿಂದ ಮುಂದೆ ತಿರುಗಿಸುವ ಹಾಗಿಲ್ಲ. ನಾನು ಅಂಗಳದಲ್ಲಿ ಸುತ್ತು ಹೊಡೆಯುವಾಗ ಅವರು ಜಗಲಿ ಮೇಲೆ ನಿಂತು ಶಬ್ದ ಕೇಳಿಯೇ "ಗೆರೆ, ಗೆರೆ" ಅನ್ನುತ್ತಿದ್ದರು.

ಮೇ ತಿಂಗಳಲ್ಲಿ ಮೇಲಿನ ತೋಟದಲ್ಲಿ ಮರಗಸಿ ಶುರುವಾಯಿತು. ಮಳೆಗೆ ಮುಂಚೆ ನೆರಳಿನ ಮರಗಳ ಕೊಂಬೆ ಕಡಿಸುವ ಕೆಲಸ. ನಮ್ಮವರು ಬೆಳಿಗ್ಗೆಯೇ ಆಳುಗಳ ಜೊತೆ ನಡೆದು ಹೋಗಿದ್ದರು. ಮಧ್ಯಾಹ್ನ ಊಟದ ಚೀಲ ಹ್ಯಾಂಡಲಿಗೆ ಸಿಕ್ಕಿಸಿಕೊಂಡು ನಾನು ಬೈಕಿನಲ್ಲಿ ಹೊರಟೆ. ಅಷ್ಟು ಎತ್ತರಕ್ಕೆ ಒಬ್ಬಳೇ ಹೋಗುತ್ತಿದ್ದದ್ದು ಅದೇ ಮೊದಲು. ಹೊಸ ಇಂಜಿನ್ ಕಾದು ಸುಟ್ಟ ಎಣ್ಣೆಯ ಹೊಗೆ ಬಿಡುತ್ತಿತ್ತು. ಎರಡು ಕಡೆ ಆಫ್ ಆಯಿತು, ಒದ್ದು ಒದ್ದು ಸ್ಟಾರ್ಟ್ ಮಾಡಿದೆ.

ನೆತ್ತಿ ಇನ್ನೇನು ಹತ್ತಿರ ಬಂತು ಅನ್ನುವಾಗ ಮೇಲಿಂದ ನಮ್ಮ ಆಳು ಮಣಿ ತಲೆಗೆ ಗೋಣಿಚೀಲ ಹೊದ್ದು ಓಡಿ ಬಂದ. ಬೈಕಿನ ಮುಂದೆ ಕೈ ಅಡ್ಡ ಹಿಡಿದು, "ಮೇಲೆ ಬರಬೇಡಿ ಅಕ್ಕ, ಜೇನು ಎದ್ದುಬಿಡ್ತು" ಅಂದ.

ದೊಡ್ಡ ಮರವೊಂದರಲ್ಲಿ ಹೆಜ್ಜೇನು ಕಟ್ಟಿದ್ದು ಎಲ್ಲರಿಗೂ ಗೊತ್ತಿತ್ತು. ಆ ಮರಕ್ಕೆ ಯಾರೂ ಕತ್ತಿ ಹಾಕಿರಲಿಲ್ಲ. ಗಿಡುಗ ಬಡಿಯಿತೋ, ಕೆಳಗೆ ಯಾರಾದರೂ ಬೀಡಿ ಹಚ್ಚಿದರೋ, ಹೇಗೆ ಎದ್ದವು ಎಂದು ಇಂದಿಗೂ ಯಾರಿಗೂ ಗೊತ್ತಿಲ್ಲ. ಉಳಿದ ಆಳುಗಳು ಆಚೆ ಇಳಿಜಾರಿಗೆ ಓಡಿದ್ದರು. ಮಣಿಗೂ ಕುತ್ತಿಗೆ, ಕೈ ಎಲ್ಲ ಕಚ್ಚಿತ್ತು. "ನಮ್ಮವರೆಲ್ಲಿ?" ಅಂದೆ. ಅವನು ಮೇಲಕ್ಕೆ ಕೈ ತೋರಿಸಿದ.

ನನಗೆ ಏನು ಮಾಡಬೇಕೆಂದೇ ತಿಳಿಯಲಿಲ್ಲ. ಕೆಳಗೆ ಹೋಗಿ ಜನ ಕರೆಯಲೇ? ಫೋನ್ ಮಾಡೋಣವೆಂದರೆ ಅಲ್ಲಿ ನೆಟ್‌ವರ್ಕ್ ಇಲ್ಲ. ಯೋಚನೆ ಮಾಡಿ ತೀರ್ಮಾನ ತೆಗೆದುಕೊಂಡೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಕೈ ತಾನಾಗಿ ಕ್ಲಚ್ ಬಿಟ್ಟಿತು, ಬೈಕು ಮೇಲಕ್ಕೆ ಹೋಯಿತು. ಮಣಿ ಬೈಯುತ್ತಾ ಹಿಂದೆಯೇ ಓಡಿ ಬಂದ.

ನಮ್ಮವರು ದಾರಿ ಪಕ್ಕದ ಕಾಫಿ ಗಿಡದ ಬುಡದಲ್ಲಿ ಟವೆಲ್ ಮುಸುಕು ಹಾಕಿ ಮುದುಡಿ ಕೂತಿದ್ದರು. ಸುತ್ತ ಇನ್ನೂ ಕೆಲವು ಜೇನು ಹಾರುತ್ತಿದ್ದವು. ಬೈಕಿನ ಹೊಗೆಗೆ ದೂರ ಹೋದವೋ, ಅಷ್ಟರಲ್ಲಿ ಅವುಗಳ ಸಿಟ್ಟು ಇಳಿದಿತ್ತೋ, ನನಗೆ ಕಚ್ಚಿದ್ದು ಒಂದೆರಡೇ. ಟವೆಲ್ ಸರಿಸಿದರೆ ಅವರ ಮುಖ ನನಗೇ ಗುರುತು ಸಿಗಲಿಲ್ಲ. ಕಣ್ಣು ಮುಚ್ಚಿಹೋಗಿತ್ತು, ತುಟಿ ಬಾತಿತ್ತು, ಉಸಿರು ಎಳೆದರೆ ಸುಂಯ್ ಅನ್ನುತ್ತಿತ್ತು. "ಯಾರದು?" ಅಂದರು. ನನ್ನ ಜೊತೆ ಇಪ್ಪತ್ತು ವರ್ಷ ಬಾಳಿದ ಮನುಷ್ಯ ಹಾಗೆ ಕೇಳಿದಾಗ, "ನಾನು ಕಣ್ರೀ, ಸುಧಾ" ಅಂದೆ.

ಮಣಿ ಅವರನ್ನು ಎತ್ತಿ ಹಿಂದೆ ಕೂರಿಸಿದ. ಹಿಂದೆ ಕೂತವರಿಗೆ ಕಾಲಿಡುವ ಜಾಗವೇ ಆ ಬೈಕಿನಲ್ಲಿಲ್ಲ. ನನ್ನ ವೇಲು ಬಿಚ್ಚಿ ಅವರನ್ನು ನನ್ನ ಸೊಂಟಕ್ಕೆ ಸೇರಿಸಿ ಕಟ್ಟಿದ. ಮನೆ ಕಡೆ ಇಳಿದರೆ ಇರುವುದು ಸ್ಕೂಟರ್ ಒಂದೇ. ಗುಡ್ಡದ ಆಚೆ ಬದಿ ಇಳಿದರೆ ಟಾರು ರಸ್ತೆ, ಅಲ್ಲಿ ಯಾವುದಾದರೂ ಗಾಡಿ ಸಿಗಬಹುದು. ಮಣಿಯೇ ಆ ಕಡೆ ತೋರಿಸಿದ. ಆ ದಾರಿಯಲ್ಲಿ ನಾನು ಒಂದು ಸಲವೂ ಬೈಕು ಓಡಿಸಿರಲಿಲ್ಲ.

ಸ್ವಲ್ಪ ದೂರ ಇಳಿದ ಮೇಲೆ ಹಿಂದಿನಿಂದ ನಮ್ಮವರು ಕಿವಿಯ ಹತ್ತಿರ ಏನೋ ಅಂದರು. ನೀರು ಕೇಳುತ್ತಿದ್ದಾರೆ ಅಂದುಕೊಂಡೆ. ಅವರು ಹೇಳುತ್ತಿದ್ದದ್ದು, "ಸುಧಾ, ಗೆರೆ ದಾಟಿಸಬೇಡ. ಆಯಿಲ್ ಇನ್ನೂ ಬದಲಾಯಿಸಿಲ್ಲ."

ನನಗೆ ಸಿಟ್ಟು ಬಂತು, ಅಳುವೂ ಬಂತು. ಆದರೆ ವಿಚಿತ್ರ ನೋಡಿ, ನಾನು ನಿಜವಾಗಿಯೂ ಗೆರೆ ನೋಡಿಕೊಂಡೇ ಓಡಿಸಿದೆ. ಗೆರೆ ದಾಟದಿದ್ದರೆ ಎಲ್ಲ ಸರಿಯಾಗಿಯೇ ಇದೆ ಅನ್ನುವ ಹಾಗೆ. ಆಮೇಲೆ ನಡುವೆ ಒಂದು ಏರು ಬಂತು. ಇಬ್ಬರ ಭಾರಕ್ಕೆ ಇಂಜಿನ್ ಗೊರಗೊರ ಅಂದು ಸಾಯತೊಡಗಿತು. ಗೇರು ಮೇಲೋ ಕೆಳಗೋ ಗೊತ್ತಾಗದೆ ಬಲವಾಗಿ ಒತ್ತಿದೆ, ಅದೃಷ್ಟಕ್ಕೆ ಮೊದಲನೆಯದೇ ಬಿತ್ತು. ಆಕ್ಸಿಲರೇಟರ್ ಪೂರ್ತಿ ತಿರುಗಿಸಿದೆ. ಬೈಕು ಚೀರಿಕೊಂಡು ಹತ್ತಿತು. ಈಗ ಬೈಯುತ್ತಾರೆ ಎಂದು ಕಾದೆ. ಹಿಂದಿನಿಂದ ಸದ್ದೇ ಇಲ್ಲ. ಅವರ ತಲೆ ನನ್ನ ಬೆನ್ನಿನ ಮೇಲೆ ಕಲ್ಲಿನ ಹಾಗೆ ಕೂತಿತ್ತು.

"ರೀ, ಗೆರೆ ದಾಟಿಸಿದೀನಿ. ಬೈಯಿರಿ ನನ್ನ" ಅಂದೆ. ಮತ್ತೆ ಮತ್ತೆ ಅಂದೆ. ಅವರು ಬೈಯಲಿಲ್ಲ.

ಟಾರು ರಸ್ತೆ ಸಿಕ್ಕಿತು. ಗಾಡಿ ಒಂದೂ ಇಲ್ಲ. ರಸ್ತೆಗೆ ಇಳಿಸಬಾರದ ಬೈಕು, ನಂಬರ್ ಇಲ್ಲ, ಗೇರಿನ ಗಾಡಿಯ ಲೈಸೆನ್ಸ್ ನನಗಿಲ್ಲ. ಅಂಚಿನಲ್ಲಿ ಒಂದು ಕ್ಷಣ ಪೆದ್ದಿಯ ಹಾಗೆ ನಿಂತೆ. ಆಮೇಲೆ ಇಳಿಸಿಯೇ ಬಿಟ್ಟೆ. ಎರಡು ತಿರುವು ದಾಟುವಾಗ ಎದುರಿನಿಂದ ಶುಂಠಿ ಮೂಟೆ ತುಂಬಿದ ಜೀಪು ಬಂತು. ನಾನು ನಿಲ್ಲಿಸಿ ಕೈ ಎತ್ತುವ ಮುಂಚೆಯೇ ಅದು ನಿಂತಿತು. ಡ್ರೈವರ್ ಇಳಿದವನು ಏನಾಯಿತು ಎಂದು ಕೇಳಲಿಲ್ಲ, ಮುಖ ನೋಡಿದ ಅಷ್ಟೇ. ಮುಂದಿನ ಸೀಟಿನಲ್ಲಿದ್ದ ಮೂಟೆಗಳನ್ನು ಎತ್ತಿ ರಸ್ತೆ ಬದಿಗೆ ಎಸೆದ, ವೇಲಿನ ಗಂಟು ಬಿಚ್ಚಿದ, ನಮ್ಮವರನ್ನು ಮಗುವಿನ ಹಾಗೆ ತಬ್ಬಿ ಸೀಟಿನ ಮೇಲೆ ಕೂರಿಸಿದ. "ಚೇಚಿ, ಬೇಗ ಹತ್ತಿ" ಅಂದ, ಮಲಯಾಳಿಗಳು ಅಕ್ಕ ಎಂದು ಕರೆಯುವ ಹಾಗೆ. ನಾನು ಹೇಗೋ ನ್ಯೂಟ್ರಲ್‌ಗೆ ತಂದು, ಬೈಕಿಗೆ ಸ್ಟ್ಯಾಂಡ್ ಹಾಕಿ ಹತ್ತಿದೆ. ಅವನು ಜೀಪು ತಿರುಗಿಸಿ ಪೇಟೆ ಕಡೆ ಬಿಟ್ಟ.

ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟರು, ಆಕ್ಸಿಜನ್ ಹಾಕಿದರು. ನರ್ಸ್ ಒಬ್ಬರು ಕೂತು ಜೇನಿನ ಮುಳ್ಳು ತೆಗೆಯುತ್ತಲೇ ಇದ್ದರು. ನಾನು ಕಾಫಿ ಕಲೆ, ಎಣ್ಣೆ, ಮಣ್ಣು ಮೆತ್ತಿದ ಬಟ್ಟೆಯಲ್ಲಿ ಬಾಗಿಲ ಬಳಿ ನಿಂತಿದ್ದೆ. ಒಳಗೆ ಬರಬೇಕೋ ಹೊರಗಿರಬೇಕೋ ಅದೂ ಗೊತ್ತಾಗುತ್ತಿರಲಿಲ್ಲ. ಬಹಳ ಹೊತ್ತಿನ ಮೇಲೆ ಡಾಕ್ಟರ್ ಬಂದು, ಉಸಿರಾಟ ಸರಿಹೋಗುತ್ತಿದೆ, ಹೆದರಬೇಡಿ ಅಂದರು. ಆಗ ಕುರ್ಚಿ ಮೇಲೆ ಕೂತೆ. ಜೀಪಿನವನನ್ನು ಹುಡುಕಬೇಕು ಅನ್ನುವ ಜ್ಞಾನವೇ ನನಗಿರಲಿಲ್ಲ. ಮಣಿ ಮತ್ತೆ ಉಳಿದವರು ಸಾಯಂಕಾಲದ ಹೊತ್ತಿಗೆ ಬಂದರು, ಅವರಿಗೂ ಇಂಜೆಕ್ಷನ್ ಆಯಿತು, ಯಾರಿಗೂ ಅಪಾಯ ಇರಲಿಲ್ಲ.

ಸಂಜೆ ನಮ್ಮವರು ಒಂದು ಕಣ್ಣು ಸ್ವಲ್ಪ ತೆರೆದರು. ನನ್ನನ್ನು ಗುರುತು ಹಿಡಿದು ಕೇಳಿದ ಮೊದಲ ಮಾತು, ಬೈಕ್ ಎಲ್ಲಿ ಎಂದು. ಆಗಲೇ ನನಗೆ ನೆನಪಾದದ್ದು. ಬೈಕನ್ನು ರಸ್ತೆಯಲ್ಲಿ ಬಿಟ್ಟು ಬಂದಿದ್ದೆ. ಅಷ್ಟೇ ಅಲ್ಲ, ಇಂಜಿನ್ ಆಫ್ ಮಾಡಿರಲೇ ಇಲ್ಲ.

ಮಾರನೇ ದಿನ ಅಣ್ಣನ ಮಗನ ಜೊತೆ ಅಲ್ಲಿಗೆ ಹೋದೆ. ರಸ್ತೆಯಲ್ಲಿ ಬೈಕಿಲ್ಲ, ಶುಂಠಿ ಮೂಟೆಗಳೂ ಇಲ್ಲ. ಕಳೆದುಹೋಯಿತು ಎಂದು ಹಿಂತಿರುಗುವಾಗ, ಅಲ್ಲೇ ರಸ್ತೆ ಬದಿಯ ಮನೆಯ ಹೆಂಗಸು ಬೇಲಿ ಹತ್ತಿರ ಬಂದು ಬೈಕ್ ನಿಮ್ಮದಾ ಎಂದು ಕೇಳಿದರು. ಅವರ ಕೊಟ್ಟಿಗೆಯಲ್ಲಿ ಬೈಕು ನಿಂತಿತ್ತು, ಮೇಲೆ ಪ್ಲಾಸ್ಟಿಕ್ ಹೊದಿಸಿತ್ತು. ಶಬ್ದ ಮಾಡುತ್ತಾ ನಿಂತಿದ್ದ ಅದನ್ನು ಹೇಗೆ ನಿಲ್ಲಿಸುವುದೆಂದು ತಿಳಿಯದೆ ಅವರು ದೂರದಿಂದ ನೋಡುತ್ತಿದ್ದರಂತೆ. ಸಂಜೆಯಾಗುವ ಮುಂಚೆ ಜೀಪಿನವನು ವಾಪಸ್ ಬಂದು ಆಫ್ ಮಾಡಿ, ತಳ್ಳಿಕೊಂಡು ಒಳಗಿಟ್ಟು ಹೋದನಂತೆ.

"'ಡಾಕ್ಟರ್ ಹೊರಗೆ ಬಂದು ಹೇಳೋ ತನಕ ನಾನೂ ಆಸ್ಪತ್ರೆಯಲ್ಲೇ ಇದ್ದೆ, ಆ ಯಜಮಾನರಿಗೆ ಏನೂ ಆಗಲ್ಲ, ಚೇಚಿ ಬಂದ್ರೆ ಗಾಡಿ ಕೊಟ್ಟುಬಿಡಿ' ಅಂದ" ಎಂದರು ಆ ಹೆಂಗಸು. ಹೆಸರು ಕೇಳಲು ಅವರಿಗೂ ಹೊಳೆದಿರಲಿಲ್ಲ.

ಸಲೀಂ ಇಂಜಿನ್ ಬಿಚ್ಚಿ ನೋಡಿದ. ಇಷ್ಟೆಲ್ಲ ಆದ ಮೇಲೂ ಏನೂ ಕೆಟ್ಟಿಲ್ಲ, ಹೇಗೆ ಎಂದು ಮಾತ್ರ ತನಗೆ ಅರ್ಥವಾಗುತ್ತಿಲ್ಲ ಅಂದ. ನಮ್ಮವರು ನಾಲ್ಕು ದಿನಕ್ಕೆ ಮನೆಗೆ ಬಂದರು. ದಾರಿಯಲ್ಲಿ ಅವರು ಗೆರೆ ಎಂದು ಹೇಳಿದ್ದು ಬೈಕಿನ ಮೇಲಿನ ಆಸೆಗೋ, ನಾನು ಹೆದರಿ ಜೋರಾಗಿ ಓಡಿಸಿ ಬೀಳದಿರಲಿ ಎಂದೋ? ಎಷ್ಟೋ ಸಲ ಕೇಳಿದ್ದೇನೆ. ಕಾಫಿ ಗಿಡದ ಬುಡದಲ್ಲಿ ಕೂತದ್ದರಿಂದಾಚೆ ತನಗೆ ಒಂದೂ ನೆನಪಿಲ್ಲ ಅನ್ನುತ್ತಾರೆ. ನಿಜವೋ ಸುಳ್ಳೋ ಅವರ ಮುಖದಿಂದ ತಿಳಿಯುವುದಿಲ್ಲ.

ಜೀಪಿನವನನ್ನು ಬಹಳ ಹುಡುಕಿದೆವು. ಶುಂಠಿ ಬೆಳೆಯುವವರನ್ನು ವಿಚಾರಿಸಿದೆವು, ಮಂಡಿಗಳಲ್ಲಿ ಕೇಳಿದೆವು. ಗಡ್ಡ ಇತ್ತೇ, ವಯಸ್ಸೆಷ್ಟು, ಜೀಪಿನ ಬಣ್ಣ ಯಾವುದು ಎಂದು ಕೇಳಿದರೆ ನನಗೆ ಉತ್ತರ ಗೊತ್ತಿಲ್ಲ. ನನ್ನ ಕಣ್ಣೆಲ್ಲ ನಮ್ಮವರ ಮುಖದ ಮೇಲಿತ್ತು. ಆ ಮಧ್ಯಾಹ್ನ ಆಸ್ಪತ್ರೆಯ ಆ ಬಾಗಿಲ ಬಳಿ ನಾನು ಒಬ್ಬಳೇ ನಿಂತಿದ್ದೇನೆ, ನನಗೆ ಯಾರೂ ಇಲ್ಲ ಅಂದುಕೊಂಡಿದ್ದೆ. ನನ್ನ ಬೆನ್ನ ಹಿಂದೆ, ಅದೇ ಗೋಡೆಗೆ ಒರಗಿ, ಅದೇ ಸುದ್ದಿಗೆ ಇನ್ನೊಬ್ಬ ಮನುಷ್ಯನೂ ಕಾಯುತ್ತಿದ್ದ. ಒಂದು ಸಲ ತಿರುಗಿ ನೋಡಿದ್ದರೆ ಸಾಕಿತ್ತು.