ಕಾರ್ನಾಕ್‌ನಲ್ಲಿ ಜಯಮ್ಮ ಟೀಚರ ಪ್ರದಕ್ಷಿಣೆ

ಜಯಮ್ಮ ಟೀಚರ್ ಛತ್ರಿ ಎತ್ತಿದರೆ ನೈರೋಬಿಯ ಪಂಗಾನಿ ರಸ್ತೆಯಲ್ಲಿ ಮಟಾಟು ಎಂಬ ಬಾಡಿಗೆ ವ್ಯಾನು ನಿಲ್ಲಬೇಕು. ನಿಲ್ಲದ ಮಟಾಟಿನ ಬೆನ್ನಿಗೆ ಛತ್ರಿಯಿಂದ ಒಂದು ಏಟು. ಡ್ರೈವರ್ ತಲೆ ಹೊರಗೆ ಹಾಕಿ ರೇಗಿದರೆ ಇವರು ಅಪ್ಪಟ ಕನ್ನಡದಲ್ಲಿ ಬೈಯುವರು. ಅವನು "ಪೋಲೆ ಮಾಮಾ", ಅಂದರೆ ತಪ್ಪಾಯ್ತು ತಾಯಿ, ಎಂದು ಸ್ವಾಹಿಲಿಯಲ್ಲಿ ತಪ್ಪೊಪ್ಪಿಕೊಂಡು ಹೋಗುವನು. ಪಾಪ ಎಂದು ರಸ್ತೆ ದಾಟಿಸಲು ಯಾರಾದರೂ ಕೈ ಹಿಡಿಯಲು ಬಂದರೋ, ಎರಡನೇ ಏಟು ಅವರಿಗೆ.

ನಾನು ಅವರ ಪಕ್ಕದ ಮನೆಯವಳು. ಹಪ್ಪಳ ಸಂಡಿಗೆ ಮಾಡಿ ಸೌತ್ ಬಿ ಬಡಾವಣೆ ಕಡೆಯ ಕನ್ನಡದವರಿಗೆ ಕೊಡುತ್ತೇನೆ. ಟೀಚರ್ ಮೈಸೂರಿನವರು, ಇಲ್ಲಿಯ ಶಾಲೆಯಲ್ಲಿ ಚರಿತ್ರೆ ಹೇಳಿಕೊಟ್ಟು ಮುದುಕಿಯಾದವರು. ಬಾಯಿ ಒರಟು, ಕೈ ಧಾರಾಳ. ನನ್ನ ಹಪ್ಪಳ ಸುಟ್ಟು ತಿನ್ನುತ್ತಾ, "ಉಪ್ಪು ಜಾಸ್ತಿ ಕಣೇ ಪುಟ್ಟಮ್ಮ" ಎನ್ನುತ್ತಲೇ ಇಡೀ ಕಟ್ಟು ಖಾಲಿ ಮಾಡುವರು.

ಅವರಿಗೆ ಒಂದೇ ಹುಚ್ಚು. ಈಜಿಪ್ಟ್ ದೇಶದ ಕಾರ್ನಾಕ್ ಎಂಬ ಹಳೇ ದೇವಸ್ಥಾನವನ್ನು ನಡೆದು ನೋಡಬೇಕು. ಹೋಗೋಣ ಹೋಗೋಣ ಎನ್ನುವಷ್ಟರಲ್ಲಿ ಪಾರ್ಶ್ವವಾಯು ಬಡಿದು ಎಡಗಾಲು ಬಿದ್ದುಹೋಯಿತು. ಮಗಳು ಶೈಲಾ ಬ್ಯಾಂಕಿನಲ್ಲಿ ಕೆಲಸ ಮಾಡುವವಳು. "ಅಮ್ಮ, ಟೀವಿಲೇ ನೋಡಮ್ಮ, ಕ್ಲೋಸಪ್ಪಲ್ಲಿ ತೋರಿಸ್ತಾರೆ" ಎಂದಳು. ಟೀಚರ್ ಅವಳೊಡನೆ ಎರಡು ದಿನ ಮಾತು ಬಿಟ್ಟರು.

ಆಮೇಲೆ ನಡೆಯುವ ಅಭ್ಯಾಸ ಶುರುವಾಯಿತು. ಬೆಳಿಗ್ಗೆ ಗೇಟಿನಿಂದ ನೀರಿನ ಟ್ಯಾಂಕಿಗೆ, ಟ್ಯಾಂಕಿನಿಂದ ಗೇಟಿಗೆ. ಕೋಲು ಊರುವುದು, ಕಾಲು ಎಳೆಯುವುದು, ಬೀಳುವುದು, ನನ್ನನ್ನು ಬೈಯುವುದು. ಎತ್ತಲು ಹೋದರೂ ಬೈಗುಳ, ಹೋಗದಿದ್ದರೂ ಬೈಗುಳ.

"ಹಾಳು ಗುಡಿ ನೋಡೋಕೆ ಅಲ್ಲೀತನಕ ಯಾಕೆ ಟೀಚರೇ? ಹಂಪೇಲಿ ಬೇಕಾದಷ್ಟು ಬಿದ್ದಿದೆಯಲ್ಲ" ಎಂದೆ ಒಂದು ಸಲ.

"ಹಂಪೀನ ನಮ್ಮಪ್ಪ ಹೆಗಲ ಮೇಲೆ ಕೂರಿಸ್ಕೊಂಡು ತೋರಿಸಿದ್ರು. ಇದನ್ನ ನಾನೇ ನಡ್ಕೊಂಡು ನೋಡ್ಬೇಕು. ಇಷ್ಟು ವರ್ಷ ಪಾಠ ಮಾಡಿ, ಹೊತ್ಕೊಂಡು ಹೋಗಿ ತೋರಿಸಿ ಅನ್ನೋಕಾಗತ್ತಾ?"

ಕೊನೆಗೆ ಮಗಳೇ ಸೋತಳು. ಜೊತೆಗೆ ನೀನೂ ಬಾ ಎಂದು ನನ್ನನ್ನೂ ಹೊರಡಿಸಿದರು. ಮೊದಲು ಕೈರೋ, ಪಿರಮಿಡ್ಡು. ದೊಡ್ಡದೇನೋ ನಿಜ, ಆದರೆ ಗೋರಿ ತಾನೆ? ನಾನು ಹೋಟೆಲಿಗೆ ಬಂದವಳೇ ತಲೆಗೆ ನೀರು ಹಾಕಿಕೊಂಡೆ. ಟೀಚರ್ ನಕ್ಕೂ ನಕ್ಕೂ ಕೆಮ್ಮಿದರು. "ಸತ್ತು ಸಾವಿರಾರು ವರ್ಷ ಆಯ್ತು ಕಣೇ, ಇನ್ನೂ ಮೈಲಿಗೇನಾ?"

ಅಲ್ಲಿಂದ ಲಕ್ಸರ್ ಎಂಬ ಊರು. ಕಾರ್ನಾಕ್ ಇರುವುದು ಅಲ್ಲಿ. ಬಾಗಿಲಲ್ಲಿ ಶೈಲಾ ಮೊದಲೇ ಹೇಳಿಟ್ಟ ಗಾಲಿಕುರ್ಚಿ ಕಾಯುತ್ತಿತ್ತು. ಟೀಚರ್ ಅದನ್ನು ನೋಡಿದರು, ಮಗಳನ್ನು ನೋಡಿದರು. "ಪುಟ್ಟಮ್ಮ, ನೀನು ಕೂತ್ಕೋ" ಎಂದರು. ಕಾಲು ನೆಟ್ಟಗಿದ್ದ ನಾನು ರಾಣಿಯ ಹಾಗೆ ಕೂತೆ. ಕುಂಟುವವರು ಮುಂದೆ ನಡೆದರು.

ಅಷ್ಟಕ್ಕೇ ಮುಗಿಯಲಿಲ್ಲ. ಚಪ್ಪಲಿ ಬಿಟ್ಟರು. ಗೈಡ್ ಕೈ ಅಡ್ಡ ಹಿಡಿದ. ಇಲ್ಲಿ ಈಗ ದೇವರೇ ಇಲ್ಲ, ಕಲ್ಲು ಸುಡುತ್ತದೆ ಎಂದು ಇಂಗ್ಲಿಷಿನಲ್ಲಿ ಹೇಳಿದನಂತೆ.

"ಮನೆಯವ್ರು ಬಿಟ್ಟುಹೋದ್ರೆ ಮನೆ ಮನೆಯಲ್ವಾ? ಸುಟ್ರೆ ಬಲಗಾಲಿಗೆ ತಾನೆ, ಎಡಗಾಲಿಗೆ ಗೊತ್ತೇ ಆಗಲ್ಲ. ಅರ್ಧ ಬಿಸಿ!"

ಮಗಳು ಅಳುವಂತಾದ ಮೇಲೆ ಕಾಲುಚೀಲಕ್ಕೆ ಒಪ್ಪಿದರು. ಆ ಕಂಬಗಳೋ, ಕತ್ತೆತ್ತಿದರೆ ಮುಗಿಯುವುದಿಲ್ಲ. ಮೈತುಂಬಾ ಹಕ್ಕಿ, ಹಾವು, ಕಣ್ಣು ಕೆತ್ತಿದ್ದಾರೆ, ಅದೇ ಅವರ ಅಕ್ಷರವಂತೆ. ಟೀಚರ್ ಒಂದೊಂದು ಕಂಬದ ಬುಡದಲ್ಲಿ ನಿಂತು ಉಸಿರು ತೆಗೆದುಕೊಂಡು ಮುಂದಿನ ಕಂಬಕ್ಕೆ ಹೋಗುವರು. ಸಾಕಮ್ಮ ಎಂದು ಶೈಲಾ ಅಂದಾಗಲೆಲ್ಲ ಇನ್ನೊಂದು ಕಂಬ ದಾಟುವರು.

ಕೊನೆಯಲ್ಲಿ ಒಂದು ಕೊಳ. ಅದರ ಪಕ್ಕ ಕಲ್ಲಿನ ಪೀಠದ ಮೇಲೆ ಒಂದು ದೊಡ್ಡ ಹುಳ. ನಮ್ಮ ಸಗಣಿ ಹುಳವೇ. ಅದನ್ನು ಏಳು ಸಲ ಸುತ್ತಿದರೆ ಒಳ್ಳೆಯದಂತೆ, ಬಂದವರೆಲ್ಲ ಸುತ್ತುತ್ತಿದ್ದರು. ಆದರೆ ಎಲ್ಲರೂ ಅಪ್ರದಕ್ಷಿಣೆ! ಟೀಚರ್ ಸೆರಗು ಸಿಕ್ಕಿಸಿ ಎದುರು ದಿಕ್ಕಿಗೆ ಹೊರಟರು.

"ಮ್ಯಾಡಮ್, ಆ ಕಡೆ!" ಎಂದು ಗೈಡ್ ಕೂಗಿದ.

"ಹಾಗೆ ಸುತ್ತೋಕೆ ನಾನೇನು ತಿಥಿ ಮಾಡಕ್ಕೆ ಬಂದಿದೀನಾ?" ಎಂದರು. "ಏಳು ಬೇರೆ! ಆಂಜನೇಯನಿಗೇ ಮೂರು, ಹುಳಕ್ಕೆ ಏಳಾ?"

ಎದುರಿಂದ ಬಂದವರಿಗೆಲ್ಲ ಡಿಕ್ಕಿ. ಎರಡು ಸುತ್ತು ಆಯಿತು. ಮೂರನೆಯದಕ್ಕೆ ಕಾಲು ಮಡಚಿತು, ಕೋಲು ಜಾರಿತು. ಶೈಲಾ ನನ್ನನ್ನು ಎಬ್ಬಿಸಿ ಕುರ್ಚಿ ತಳ್ಳಿಕೊಂಡು ಓಡಿದಳು.

"ಮುಟ್ಟಬೇಡ. ಪ್ರದಕ್ಷಿಣೆ ಅರ್ಧಕ್ಕೆ ಬಿಡಬಾರದು."

ಯಾರೋ ಬಿಳಿಯನೊಬ್ಬ ಕೋಲು ಎತ್ತಿಕೊಟ್ಟ. ಸುತ್ತುತ್ತಿದ್ದವರೆಲ್ಲ ನಿಂತು ದಾರಿ ಬಿಟ್ಟರು. ಒಂದು ಹೆಜ್ಜೆ, ನಿಲ್ಲುವುದು, ಇನ್ನೊಂದು ಹೆಜ್ಜೆ. ಶುರು ಮಾಡಿದ ಜಾಗಕ್ಕೆ ಬಂದು ಮುಟ್ಟಿ, ಕೈ ಮುಗಿದು, "ಈಗ ಕುರ್ಚಿ ತಾ" ಎಂದರು. ಶೈಲಾ ಅತ್ತಳು. ನಾನು ಅಳಲಿಲ್ಲ; ವಾಪಸು ಅಷ್ಟು ದೂರ ನಾನು ನಡೆಯಬೇಕಲ್ಲ ಎಂಬ ಯೋಚನೆಯಾಗಿತ್ತು.

ನೈರೋಬಿಗೆ ಬಂದ ಮೇಲೂ ಸುಮ್ಮನಾಗಲಿಲ್ಲ. "ಅಬು ಸಿಂಬೆಲ್ ಉಳೀತು ಕಣೇ. ನೀರಲ್ಲಿ ಮುಳುಗತ್ತೆ ಅಂತ ಗುಡ್ಡದಲ್ಲಿದ್ದ ಗುಡೀನೇ ಕೊಯ್ದು ಮೇಲೆ ಇಟ್ಟಿದಾರೆ. ಅವ್ರು ಅಷ್ಟು ಕಷ್ಟಪಟ್ಟಿರೋವಾಗ ನಾವು ಹೋಗಿ ನೋಡದಿದ್ರೆ ಮರ್ಯಾದೆಯಲ್ಲ." ಅದು ಅವರು ನನ್ನ ಹತ್ತಿರ ಆಡಿದ ಕೊನೆಯ ಮಾತು. ಮಾರನೇ ದಿನ ಟ್ಯಾಂಕಿನ ಹತ್ತಿರ ಬಿದ್ದರು. ಎರಡನೇ ಸಲ ಬಡಿದ ಪಾರ್ಶ್ವವಾಯು ಅವರನ್ನು ಉಳಿಸಲಿಲ್ಲ.

ಶೈಲಾ ಮನೆ ಖಾಲಿ ಮಾಡಲು ಬಂದಾಗ, "ಆಂಟಿ, ಅಮ್ಮನ ನೆನಪಿಗೆ ಏನಾದ್ರೂ ಇಟ್ಕೊಳ್ಳಿ" ಎಂದಳು.

"ಸಾಮಾನು ಬೇಡ. ಅಬು ಸಿಂಬೆಲ್‌ಗೆ ಹೋಗೋದು ಹೇಗೆ, ಅದನ್ನ ಹೇಳು."

"ನೀವೊಬ್ಬರೇನಾ? ಅಲ್ಲಿ ಬೋರ್ಡ್ ಓದೋಕೂ ಬರಲ್ವಲ್ಲ ನಿಮಗೆ!"

"ಆ ಕಂಬದ ಮೇಲಿನ ಹಕ್ಕಿ ಹಾವು ಓದೋಕೆ ನಿನಗೆ ಬಂತಾ? ನೀನು ಹೋಗಿಬರಲಿಲ್ವಾ? ನಾನೂ ಹೋಗಿಬರ್ತೀನಿ."