ಡಬ್ಬಿಯ ಸದ್ದು

ಮೊದಲು ನಡುಗಿದ್ದು ಬಲಗೈ. ಬೆಳಿಗ್ಗೆ ಎಂಟು ಗಂಟೆ, ಗಂಡ ಮಹೇಶರ ಊಟದ ಡಬ್ಬಿಗೆ ಮುಚ್ಚಳ ಹಾಕುತ್ತಿದ್ದೆ. ಸ್ಟೀಲಿಗೆ ಸ್ಟೀಲು ತಗುಲಿ ಟಣ್ ಎಂದಿತು. ಮೈಯೆಲ್ಲ ಬೆವರಿತು. ಉಸಿರು ಸಿಗಲಿಲ್ಲ. ಚಿತ್ರಾನ್ನ ನೆಲದ ಪಾಲಾಯಿತು.

ಜಯನಗರದ ಕ್ಲಿನಿಕ್ಕಿನಲ್ಲಿ ಇಸಿಜಿ ತೆಗೆದರು. ನಾರ್ಮಲ್. ಬಿಪಿ, ಶುಗರ್, ಥೈರಾಯ್ಡ್ ಎಲ್ಲವೂ ನಾರ್ಮಲ್. ಅಷ್ಟು ಚೆನ್ನಾಗಿದ್ದ ರಿಪೋರ್ಟ್ ನೋಡಿ ನನಗೆ ನಾಚಿಕೆಯೇ ಆಯಿತು.

"ಇತ್ತೀಚೆಗೆ ಏನಾದ್ರೂ ಶಾಕ್ ಆಗೋ ಥರದ್ದು ನಡೀತಾ?" ಎಂದರು ಡಾಕ್ಟರ್.

ನಾನು ಬಾಯಿ ಬಿಡುವ ಮೊದಲೇ ಮಹೇಶ್ ಹೇಳಿದರು: "ಇವಳು ದಿನಾ ಅನ್ನ ಹಾಕ್ತಿದ್ದ ನಾಯಿಗೆ ಕಾರು ಗುದ್ದಿಬಿಡ್ತು ಡಾಕ್ಟ್ರೇ, ಇವಳ ಕಣ್ಣೆದುರಿಗೇ. ಹದಿನೈದು ದಿನ ಆಯ್ತು. ಇವಳದು ತುಂಬಾ ಮೆತ್ತಗಿನ ಮನಸ್ಸು."

ಅದು ನಿಜ. ಆದರೆ ಪೂರ್ತಿ ನಿಜವಲ್ಲ.

ಬನಶಂಕರಿಯಲ್ಲಿ ನಮ್ಮ ಮನೆ ಇರುವುದು ದೊಡ್ಡ ರಸ್ತೆಯ ಮೇಲೆ. ಆಚೆ ಬದಿಯಲ್ಲಿ, ಹೂ ಮಾರುವ ಗೌರಮ್ಮನ ಬುಟ್ಟಿಯ ಪಕ್ಕ, ಕೆಂಚ ಎಂಬ ಗಂಡುನಾಯಿ ಮತ್ತು ಕರಿ ಎಂಬ ಹೆಣ್ಣುನಾಯಿ ಮಲಗಿರುತ್ತಿದ್ದವು. ನಾಲ್ಕು ವರ್ಷದಿಂದ ದಿನಾ ಬೆಳಿಗ್ಗೆ ರಸ್ತೆ ದಾಟಿ ಹೋಗಿ, ಡಬ್ಬಿಯನ್ನು ಚಮಚದಿಂದ ಎರಡು ಸಲ ತಟ್ಟಿ, ಮೊಸರನ್ನ ಹಾಕುತ್ತಿದ್ದೆ. "ಎಂಥ ಒಳ್ಳೆ ಮನಸ್ಸು ಮೇಡಂ ನಿಮ್ದು" ಎಂದು ವಾಕಿಂಗ್ ಬಂದವರು ಹೇಳುತ್ತಿದ್ದರು. ಸುಳ್ಳೇಕೆ, ಅದನ್ನು ಕೇಳಲೆಂದೇ ಒಂದೆರಡು ನಿಮಿಷ ಹೆಚ್ಚು ನಿಲ್ಲುತ್ತಿದ್ದೆ.

ಆ ದಿನ ಮಂಡಿ ನೋಯುತ್ತಿತ್ತು. ಟ್ರಾಫಿಕ್ ಬೇರೆ. ದಾಟಲು ಸೋಮಾರಿತನ. ಈ ಬದಿಯಲ್ಲೇ ನಿಂತು ಡಬ್ಬಿ ತಟ್ಟಿದೆ.

ಕೆಂಚ ಓಡಿ ಬಂದ.

ಬಾಲ ಅಲ್ಲಾಡಿಸುತ್ತಲೇ ಬರುತ್ತಿದ್ದ. ಕಾರು ನಿಲ್ಲದೆ ಹೋಯಿತು. ಜನ ಸೇರಿ ಆ ಡ್ರೈವರನ್ನು ಬೈದರು. ನಾನೂ ಬೈದೆ, ಎಲ್ಲರಿಗಿಂತ ಜೋರಾಗಿ, ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು.

ಆಮೇಲೆ ಆಚೆ ಬದಿಗೆ ಹೋಗಲೇ ಇಲ್ಲ. ಕ್ಲಿನಿಕ್ಕಿನಿಂದ ಬಂದ ಮೇಲೆ ಮಹೇಶ್, ಆ ಸದ್ದೇ ಬೇಡವೆಂದು, ಮನೆಯ ಸ್ಟೀಲ್ ಡಬ್ಬಿಗಳನ್ನೆಲ್ಲ ಅಟ್ಟಕ್ಕೆ ಹಾಕಿ ಪ್ಲಾಸ್ಟಿಕ್ಕಿನವು ತಂದರು. ಆಫೀಸಿಗೆ ರಜೆ ಹಾಕಿ ಪಕ್ಕದಲ್ಲಿ ಕೂತರು. ಅವರು ತಲೆ ಸವರಿದಾಗಲೆಲ್ಲ, ಕದ್ದ ವಸ್ತುವನ್ನು ಮಡಿಲಲ್ಲಿಟ್ಟುಕೊಂಡು ಕೂತ ಹಾಗಾಗುತ್ತಿತ್ತು.

ಡಾಕ್ಟರ್ ಮಾತ್ರೆ ಬರೆದು, ಕೌನ್ಸೆಲರ್ ಬಳಿಗೂ ಕಳಿಸಿದ್ದರು. ಮೂರನೆಯ ಸೆಶನ್ನಿನಲ್ಲಿ ಆಕೆಗೆ ಎಲ್ಲವನ್ನೂ ಹೇಳಿಬಿಟ್ಟೆ. ಆಕೆ "ನಿಮ್ದೇನೂ ತಪ್ಪಿಲ್ಲ" ಎನ್ನಲಿಲ್ಲ. ಅದಕ್ಕೇ ನಂಬಿಕೆ ಬಂತು. "ಇದನ್ನ ಇನ್ಯಾರಿಗೆ ಹೇಳ್ಬೇಕು ಅನ್ಸುತ್ತೆ?" ಎಂದಷ್ಟೇ ಕೇಳಿದರು.

ಮಹೇಶರಿಗೆ ಅಂದೇ ಹೇಳಿದೆ. "ಮೊದ್ಲೇ ಹೇಳ್ಬಾರ್ದಿತ್ತಾ?" ಎಂದರು. ಮರುದಿನ ಅವರ ಕೈ ಹಿಡಿದು ರಸ್ತೆ ದಾಟಿ, ಗೌರಮ್ಮನ ಮುಂದೆ ನಿಂತೆ.

"ಗೌರಮ್ಮ, ಅವತ್ತು ಕೆಂಚನ್ನ ಕರೆದಿದ್ದು ನಾನೇ."

ಅವರು ಹೂ ಕಟ್ಟುವುದನ್ನು ನಿಲ್ಲಿಸಲಿಲ್ಲ. "ಗೊತ್ತು ಮೇಡಂ. ಡಬ್ಬಿ ಸದ್ದು ನಂಗೂ ಕೇಳಿಸ್ತಲ್ಲ."

ಇಷ್ಟು ದಿನವೂ ಅವರಿಗೆ ಗೊತ್ತಿತ್ತು. ಯಾರ ಹತ್ತಿರವೂ ಆಡಿರಲಿಲ್ಲ. ನಾನು ಡ್ರೈವರನ್ನು ಬೈದದ್ದನ್ನೂ ಕೇಳಿಸಿಕೊಂಡಿದ್ದರು. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

"ನೀವು ಬರ್ಲಿಲ್ಲ ಅಂತ ಈ ಕರಿ ದಿನಾ ನಿಮ್ಮನೆ ಕಡೆ ನೋಡ್ತಾ ನಿಂತ್ಕೊಳ್ತಿತ್ತು. ಎರಡ್ ಸಲ ರೋಡಿಗೂ ಇಳೀತು. ನಾನೇ ಹಗ್ಗ ಹಾಕಿ ಕಟ್ಟಿದೀನಿ. ಅಳೋದು ಆಮೇಲೆ ಅಳಿ, ನಾಳೆಯಿಂದ ಬನ್ನಿ."

ಈಗ ದಿನಾ ದಾಟುತ್ತೇನೆ. ಮಾತ್ರೆ ಇನ್ನೂ ನಡೆಯುತ್ತಿದೆ, ಕೈ ಕೆಲವೊಮ್ಮೆ ನಡುಗುತ್ತದೆ. ಡಬ್ಬಿ ತಟ್ಟುವುದಿಲ್ಲ. ಕರಿಯ ಹತ್ತಿರವೇ ಹೋಗಿ ಕೂತು ಅನ್ನ ಹಾಕುತ್ತೇನೆ.

ಮೊನ್ನೆ ವಾಕಿಂಗ್ ಬಂದವರೊಬ್ಬರು ನಿಂತು, "ಎಂಥ ಒಳ್ಳೆ ಮನಸ್ಸು ಮೇಡಂ ನಿಮ್ದು" ಎಂದರು. ಗೌರಮ್ಮ ತಲೆಯೆತ್ತಿ ನನ್ನನ್ನು ನೋಡಿದರು.

"ಇಲ್ಲ ಸಾರ್," ಎಂದೆ. "ಇದರ ಜೊತೆಗಾರ ಸತ್ತಿದ್ದು ನನ್ನಿಂದ."

ವಾಕಿಂಗಿನವರು ಮುಂದೆ ನಡೆದರು. ಗೌರಮ್ಮ ಮತ್ತೆ ಹೂ ಕಟ್ಟತೊಡಗಿದರು. ಕರಿ ಊಟ ಮುಗಿಸುವವರೆಗೂ ನಾನು ಅಲ್ಲೇ ಕೂತಿದ್ದೆ.