ಪರಿಚಯದ ಜಾಗದಲ್ಲಿದ್ದ ಸ್ಕ್ರಿಪ್ಟ್

ಕುಸುಮಾ, ಆ ಹುಡುಗಿಯರ ಫೋಟೋ, ಫೋನ್ ನಂಬರು ಹೊರಗೆ ಹೋದದ್ದು ನನ್ನಿಂದ. ಅದು ಅಂದೇ ನನಗೆ ಗೊತ್ತಿತ್ತು. ಗೊತ್ತಿದ್ದೂ ಇಷ್ಟು ವರ್ಷ ಸುಮ್ಮನಿದ್ದೆ.

ಬಟವಾಡಿಯ ಆ ವಧೂವರರ ಕೇಂದ್ರಕ್ಕೆ ವೆಬ್‌ಸೈಟ್ ಮಾಡಿಕೊಟ್ಟವನು ನಾನು. ನೀವು ದಿನಾ ಕುಣಿಗಲ್‌ನಿಂದ ಬಸ್ಸಿನಲ್ಲಿ ಬಂದು, ಹೊಸದಾಗಿ ಸೇರಿದವರ ವಿವರ ಓದಿ ಒಪ್ಪಿಗೆ ಕೊಡುತ್ತಿದ್ದಿರಿ. ಹೆಣ್ಣುಮಕ್ಕಳ ನಂಬರು ಕಾಣುತ್ತಿದ್ದದ್ದು ನಿಮ್ಮ ಲಾಗಿನ್‌ನಲ್ಲಿ ಮಾತ್ರ. ಒಂದು ದಿನ ಅವೆಲ್ಲ ಯಾರದೋ ಕೈಸೇರಿ, ಹೆಬ್ಬೂರಿನ ಹುಡುಗಿಯೊಬ್ಬಳಿಗೆ ಹೊಲಸು ಕರೆಗಳು ಬರತೊಡಗಿದವು. ಅವಳ ತಂದೆ ಕಚೇರಿಗೇ ಬಂದು ಎಲ್ಲರೆದುರು ನಿಮ್ಮನ್ನು ಕೇಳಿದರು — "ಯಾವನಿಗ್ ಮಾರ್ದೆ ನನ್ ಮಗಳ್ ನಂಬರ್ನ?"

ಮಾಲೀಕರು ನನ್ನನ್ನು ಕರೆಸಿದರು. ಹುಡುಕಿದೆ. ಸಿಕ್ಕಿತು. 'ನಿಮ್ಮ ಬಗ್ಗೆ ಬರೆಯಿರಿ' ಎಂಬ ಜಾಗದಲ್ಲಿ ಯಾವನೋ ಪರಿಚಯದ ಬದಲು ಸ್ಕ್ರಿಪ್ಟ್, ಅಂದರೆ ಕಂಪ್ಯೂಟರ್ ನಡೆಸುವ ಆಜ್ಞೆಗಳನ್ನು, ಬರೆದಿಟ್ಟಿದ್ದ. ನೀವು ಆ ಪುಟ ತೆರೆದಿರಿ, ಅಷ್ಟೇ — ನಿಮ್ಮ ಬ್ರೌಸರ್ ಅದನ್ನು ಬರಹವೆಂದು ತೋರಿಸದೆ ಆಜ್ಞೆಯೆಂದು ನಡೆಸಿತು. ನಿಮ್ಮ ಲಾಗಿನ್ ಅವನ ಕೈಗೆ ಹೋಯಿತು. ಜನ ಬರೆದದ್ದು ಬರೀ ಅಕ್ಷರವಾಗಿಯೇ ಉಳಿಯುವಂತೆ ನೋಡಿಕೊಳ್ಳುವುದು, ಲಾಗಿನ್‌ನ ಗುರುತು ಸ್ಕ್ರಿಪ್ಟ್‌ಗೆ ಸಿಗದಂತೆ ಮುಚ್ಚಿಡುವುದು — ಎರಡೂ ನನ್ನ ಕೆಲಸ. ಎರಡನ್ನೂ ಆಮೇಲೆ ಮಾಡಿದರಾಯಿತು ಎಂದು ಬಿಟ್ಟಿದ್ದೆ.

ನೀವು ನನ್ನ ಕುರ್ಚಿಯ ಹಿಂದೆಯೇ ನಿಂತಿದ್ದಿರಿ. "ನಾನ್ ಯಾರ್ಗೂ ಪಾಸ್‌ವರ್ಡ್ ಕೊಟ್ಟಿಲ್ಲ ಕಣಣ್ಣ. ನೀವಾದ್ರೂ ಹೇಳಿ."

"ನಂಬರ್ ಹೋಗಿರೋ ಲಾಗಿನ್ ನಿಮ್ದೇ ಇದೆಯಲ್ಲಮ್ಮ," ಎಂದೆ.

ಸುಳ್ಳಲ್ಲ. ಆದರೆ...

ಆ ಒಂದು ಮಾತಿಗೆ ಮಾಲೀಕರು ನಿಮ್ಮನ್ನು ಕೆಲಸದಿಂದ ತೆಗೆದರು. ನೀವು ಅಳಲಿಲ್ಲ, ಬ್ಯಾಗು ತೆಗೆದುಕೊಂಡು, ನನ್ನ ಮುಖವನ್ನೊಮ್ಮೆ ನೋಡಿ ಹೋದಿರಿ. ನೀವು ಬಸ್‌ಸ್ಟ್ಯಾಂಡ್ ಮುಟ್ಟುವ ಮೊದಲೇ ನಾನು ಆ ಸ್ಕ್ರಿಪ್ಟ್ ಅಳಿಸಿ, ತಪ್ಪು ತಿದ್ದಿ ಮುಗಿಸಿದ್ದೆ. ಅಷ್ಟು ಸುಲಭದ ಕೆಲಸ — ಅದೇ ನನ್ನನ್ನು ಈಗಲೂ...

ನಿಮ್ಮ ಮದುವೆಯ ಮಾತು ಆಗ ಗುಬ್ಬಿಯಲ್ಲಿ ನಡೆಯುತ್ತಿತ್ತು. 'ನಂಬರ್ ಮಾರಿದವಳು' ಎಂಬ ಸುದ್ದಿ ಅಲ್ಲಿಗೂ ಹೋಗಿ, ಸಂಬಂಧ ಮುರಿಯಿತೆಂದು ಕೇಳಿದೆ. ಆಗಲಾದರೂ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ.

ಹೋದ ವಾರ ಮಾಲೀಕರಿಗೆ ಎಲ್ಲ ಹೇಳಿದೆ. "ಹಳೇದಲ್ವಾ, ಬುಡಿ ಅತ್ಲಾಗೆ," ಎಂದರು. ಬಿಡಲಾಗಲಿಲ್ಲ. ಹೆಬ್ಬೂರಿಗೆ ಹೋಗಿ ಆ ತಂದೆಯ ಎದುರು ನಿಂತು ಹೇಳಿದೆ. ಅವರು, "ಆ ಮಗೀಗ್ ನಾನ್ ಎಂಥಾ ಮಾತಂದ್ಬುಟ್ಟೆ," ಎಂದು ತಲೆ ತಗ್ಗಿಸಿದರು. ತಗ್ಗಿಸಬೇಕಾದದ್ದು ನನ್ನ ತಲೆ.

ನಾಳೆ ಕುಣಿಗಲ್‌ಗೆ ಬರುತ್ತೇನೆ, ಕುಸುಮಾ. ನಿಮ್ಮ ಮನೆಯವರೆದುರು, ಬೀದಿಯವರೆದುರು — ಯಾರೆದುರು ಹೇಳು ಎನ್ನುತ್ತೀರೋ ಅವರೆದುರು ಹೇಳುತ್ತೇನೆ. ಕ್ಷಮಿಸಿ ಎಂದು ಕೇಳುವುದಿಲ್ಲ. ನೀವು ಬಾಗಿಲು ತೆರೆಯದಿದ್ದರೆ, ಹೊರಗೆ ನಿಂತೇ ಹೇಳುತ್ತೇನೆ.